ಒಂಟಿ ಸೈಕಲ್ ಸವಾರನಿಗೆ ಮಾಸ್ಕ್ ಏಕೆ?

2020ರ ಅಕ್ಟೋಬರ್ ತಿಂಗಳ ಕೊನೆಯ ವಾರ. ವಿರಾಜಪೇಟೆಯ ಒಂದು ಏರು ರಸ್ತೆ. ಅರುವತ್ತು ದಾಟಿದ ಹಿರಿಯರೊಬ್ಬರು ಹಳೆಯ ಸೈಕಲಿನ ಹಿಂಬದಿಗೆ ಎರಡು ಬಾಳೆಗೊನೆ ಕಟ್ಟಿಕೊಂಡು ಏದುಸಿರು ಬಿಡುತ್ತಾ ಪೆಡಲ್ ತುಳಿಯುತ್ತಿದ್ದರು. ಅವರ ಹಿಂದೆ ಮುಂದೆ ನೂರು ಗಜ ದೂರದವರೆಗೆ ಒಂದು ನರಪಿಳ್ಳೆಯೂ ಇರಲಿಲ್ಲ. ತಿರುವಿನಲ್ಲಿ ಜೀಪು ನಿಲ್ಲಿಸಿಕೊಂಡು ದಂಡ ವಸೂಲಿಗೆ ನಿಂತಿದ್ದ ಸಿಬ್ಬಂದಿ ಅವರನ್ನು ತಡೆದರು.

‘ಏನಜ್ಜ, ಮಾಸ್ಕ್ ಎಲ್ಲಿ?’

‘ಜೇಬಲ್ಲುಂಟು ಸಾರ್. ಏರು ಹತ್ತುವಾಗ ಉಸಿರು ಸಿಗುವುದಿಲ್ಲ. ಅಂಗಡಿ ಬಂದ ಕೂಡಲೇ ಹಾಕುತ್ತೇನೆ.’

‘ಜೇಬಿಗೆ ಕೊರೋನಾ ಬರ್ತದಾ?’

ನೆರೆದವರು ನಕ್ಕರು. ಅಜ್ಜ ಮಾತ್ರ ನಗಲಿಲ್ಲ. ನೂರು ರೂಪಾಯಿಯ ರಶೀದಿ ಬರೆಸಿಕೊಳ್ಳಲು ಅವರು ಜೀಪಿನ ಬಾನೆಟ್ಟಿನ ಸುತ್ತ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದ ಏಳೆಂಟು ಮಂದಿಯ ನಡುವೆ ಹೋಗಿ ನಿಲ್ಲಬೇಕಾಯಿತು. ಒಬ್ಬ ಕೆಮ್ಮುತ್ತಿದ್ದ. ಇನ್ನೊಬ್ಬ ತನ್ನ ಪರಿಚಯದ ನಾಯಕರಿಗೆ ಫೋನಾಯಿಸಿ ಗಟ್ಟಿಯಾಗಿ ಮಾತನಾಡುತ್ತಿದ್ದ. ರಶೀದಿ ಬರೆಯುತ್ತಿದ್ದವರ ಮಾಸ್ಕ್ ಗಲ್ಲದ ಕೆಳಗೆ ಜೋತಾಡುತ್ತಿತ್ತು. ಸೈಕಲಿನ ಮೇಲೆ ಇದ್ದಷ್ಟು ಹೊತ್ತು ಯಾವ ಅಪಾಯವೂ ಇಲ್ಲದಿದ್ದ ಆ ಹಿರಿಯರು ಕಾನೂನಿನ ಕೈಗೆ ಸಿಕ್ಕಿದ ಬಳಿಕವೇ ನಿಜವಾದ ಅಪಾಯಕ್ಕೆ ಒಳಗಾದರು!

ಆ ಸಾಂಕ್ರಾಮಿಕದ ತುರ್ತು ಪರಿಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಘೋಷಿಸಿತು. ಹಾಗಿರುವಾಗ ಈ ಹಳೆಯ ಕಥೆಯನ್ನು ಈಗ ಕೆದಕುವುದೇಕೆ ಎಂದು ಓದುಗರು ಕೇಳಬಹುದು. ಕೆದಕಲು ಕಾರಣವಿದೆ. ಅಂದಿನ ತಪ್ಪು ಒಬ್ಬ ಸಿಬ್ಬಂದಿಯ ಒರಟುತನವಾಗಿರಲಿಲ್ಲ. ಅದು ಒಂದು ಚಿಂತನಾ ಕ್ರಮದ ತಪ್ಪಾಗಿತ್ತು. ಆ ಚಿಂತನಾ ಕ್ರಮವನ್ನು ನಾವು ಇನ್ನೂ ತಿದ್ದಿಕೊಂಡಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋವಿಡ್‌ನ ಜೆಎನ್.1 ಉಪತಳಿಯ ಸುದ್ದಿ ಬಂದಾಗ, ಅರುವತ್ತು ದಾಟಿದವರು ಮತ್ತು ಹೃದ್ರೋಗದಂತಹ ಕಾಯಿಲೆ ಇರುವವರು ಮಾಸ್ಕ್ ಧರಿಸಬೇಕೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಹೇಳಿದ್ದು ನಮ್ಮ ಕೊಡಗಿನಲ್ಲಿ ನಿಂತೇ. ಪೆರುಂಬಾಡಿ ದಾಟಿ ಮಾಕುಟ್ಟದ ಘಟ್ಟ ಇಳಿದರೆ ಕೇರಳ. ಅಲ್ಲಿ ನಿಪಾ ವೈರಸ್ 2018ರಿಂದ ಹಲವು ಬಾರಿ ತಲೆಯೆತ್ತಿದೆ. ಮುಂದಿನ ರೋಗ ಯಾವುದು, ಯಾವಾಗ ಎಂದು ಯಾರೂ ಹೇಳಲಾರರು. ಆದರೆ ಅದು ಬಂದ ದಿನ ನಾವು ಪುನಃ ಅದೇ ತಿರುವಿನಲ್ಲಿ ಜೀಪು ನಿಲ್ಲಿಸಿ ಅದೇ ಅಜ್ಜನನ್ನು ತಡೆಯುತ್ತೇವೆಯೇ ಎಂಬುದನ್ನು ಇಂದೇ ತೀರ್ಮಾನಿಸಬಹುದು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಇದು ಮಾಸ್ಕ್ ವಿರೋಧಿ ಲೇಖನವಲ್ಲ. ಮಾಸ್ಕ್ ಎಂಬುದು ವಂಚನೆ, ಔಷಧ ಕಂಪೆನಿಗಳ ಪಿತೂರಿ, ಅದನ್ನು ಹಾಕಿಕೊಂಡರೆ ದೇಹದಲ್ಲಿ ಆಮ್ಲಜನಕವೇ ಬತ್ತಿ ಹೋಗುತ್ತದೆ ಎಂದೆಲ್ಲ ಅಂದು ಹರಡಿದವರಿದ್ದರು. ನಮ್ಮ ಮನೆಗಳಲ್ಲಿಯೂ ಅದನ್ನು ನಂಬಿದವರಿದ್ದರು. ಅದು ಸುಳ್ಳು. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ 14 ಮಂದಿ ಆರೋಗ್ಯವಂತರನ್ನು ಪ್ರಯೋಗಾಲಯದ ಸೈಕಲಿನಲ್ಲಿ ದಣಿಯುವವರೆಗೆ ತುಳಿಸಿ ನೋಡಿದರು. ಮಾಸ್ಕ್ ಇದ್ದಾಗಲೂ ಇಲ್ಲದಿದ್ದಾಗಲೂ ಅವರ ರಕ್ತದ ಆಮ್ಲಜನಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಮಾಸ್ಕ್ ಹಾಕಿದರೆ ಸೈಕಲ್ ಸವಾರ ಸತ್ತೇ ಹೋಗುತ್ತಾನೆ ಎಂಬ ವಾದವನ್ನು ನಾನು ಮಂಡಿಸುವುದಿಲ್ಲ. ಒಂದು ಸತ್ಯವನ್ನು ಸ್ಥಾಪಿಸಲು ಒಂದು ಸುಳ್ಳಿನ ನೆರವು ಪಡೆಯಬೇಕಾಗಿಲ್ಲ.

ಮಾಸ್ಕಿನಿಂದ ಪ್ರಯೋಜನವಿದೆ ಎಂಬುದಕ್ಕೂ ಆಧಾರವಿದೆ. ನೆರೆಯ ಬಾಂಗ್ಲಾದೇಶದ 600 ಗ್ರಾಮಗಳಲ್ಲಿ 2020ರ ನವೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ ಸುಮಾರು 3 ಲಕ್ಷ 42 ಸಾವಿರ ವಯಸ್ಕರನ್ನು ಒಳಗೊಂಡು ಒಂದು ದೊಡ್ಡ ಅಧ್ಯಯನ ನಡೆಯಿತು. ಮಸೀದಿಗಳಲ್ಲಿ, ಮಾರುಕಟ್ಟೆಗಳಲ್ಲಿ ಜನರಿಗೆ ತಿಳಿಹೇಳಿ ಮಾಸ್ಕ್ ಹಂಚಲಾಯಿತು. ಅದರ ಬಳಕೆ ಶೇ. 13ರಿಂದ ಶೇ. 42ಕ್ಕೆ ಏರಿತು. ಸರ್ಜಿಕಲ್ ಮಾಸ್ಕ್ ಹಂಚಿದ ಗ್ರಾಮಗಳಲ್ಲಿ ರೋಗಲಕ್ಷಣವಿರುವ ಸೋಂಕು ಸುಮಾರು ಶೇ. 11ರಷ್ಟು ಕಡಿಮೆಯಾಯಿತು, ಅರುವತ್ತು ದಾಟಿದವರಲ್ಲಿ ಇಳಿಕೆ ಶೇ. 35ರಷ್ಟಿತ್ತು. ಇದೇನೂ ಸಣ್ಣ ಸಂಗತಿಯಲ್ಲ. ಆದರೆ ಆ ಸಂಶೋಧಕರು ಮಾಸ್ಕ್ ಹಂಚಲು ನಿಂತದ್ದೆಲ್ಲಿ ಎಂಬುದನ್ನು ಗಮನಿಸಬೇಕು. ಜನ ಸೇರುವ ಜಾಗದಲ್ಲಿ ನಿಂತರು. ಗದ್ದೆಯ ಬದಿಯ ನಿರ್ಜನ ದಾರಿಯಲ್ಲಿ ಒಂಟಿ ಸೈಕಲಿಗಾಗಿ ಕಾದು ಕುಳಿತುಕೊಳ್ಳಲಿಲ್ಲ.

ಪ್ರಶ್ನೆ ಇರುವುದು ಇಲ್ಲಿಯೇ. ಮಾಸ್ಕ್ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಪ್ರಶ್ನೆ.

ರೋಗ ಹರಡುವ ಬಗೆಯನ್ನು ತಿಳಿದರೆ ಉತ್ತರ ಕಷ್ಟವೇನಲ್ಲ. ಸೋಂಕಿತನ ಉಸಿರಿನಲ್ಲಿ, ಮಾತಿನಲ್ಲಿ, ಕೆಮ್ಮಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಹನಿಗಳು ಹೊರಬೀಳುತ್ತವೆ. ದೊಡ್ಡ ಹನಿಗಳು ಬೇಗನೆ ನೆಲ ಸೇರುತ್ತವೆ. ಸಣ್ಣವು ಗಾಳಿಯಲ್ಲಿ ತೇಲುತ್ತವೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ಊದುಬತ್ತಿ ಹಚ್ಚಿ ನೋಡಿ. ಹತ್ತು ನಿಮಿಷದಲ್ಲಿ ಮೂಲೆ ಮೂಲೆಗೂ ಅದರ ಹೊಗೆ, ವಾಸನೆ. ಅದೇ ಊದುಬತ್ತಿಯನ್ನು ಕಾಫಿ ತೋಟದ ನಡುವಿನ ರಸ್ತೆಯಲ್ಲಿ ಹಚ್ಚಿದರೆ ನಾಲ್ಕು ಹೆಜ್ಜೆ ಆಚೆಗೆ ಸುಳಿವೂ ಇರುವುದಿಲ್ಲ. ಸೋಂಕಿನ ಉಸಿರಿನ ಕಥೆಯೂ ಇದೇ.

ಸಂಶೋಧನೆಗಳು ಹೇಳಿದ್ದೂ ಇದನ್ನೇ. ಚೀನಾದಲ್ಲಿ 2020ರ ಆರಂಭದಲ್ಲಿ ಮೂರು ಅಥವಾ ಹೆಚ್ಚು ಮಂದಿಗೆ ಸೋಂಕು ತಗುಲಿದ 318 ಗುಂಪು ಪ್ರಕರಣಗಳನ್ನು ವಿದ್ವಾಂಸರು ಒಂದೊಂದಾಗಿ ಪರಿಶೀಲಿಸಿದರು. ಅವೆಲ್ಲವೂ ಒಳಾಂಗಣದಲ್ಲಿಯೇ ನಡೆದಿದ್ದವು. ಬಯಲಿನಲ್ಲಿ ಹರಡಿದ್ದೆಂದು ಅವರಿಗೆ ಸಿಕ್ಕಿದ್ದು ಇಬ್ಬರನ್ನು ಒಳಗೊಂಡ ಒಂದೇ ಒಂದು ಪ್ರಸಂಗ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಇನ್ನೊಂದು ಪರಿಶೀಲನೆ, ಬಯಲಿನಲ್ಲಿ ಹರಡಿದ ಸೋಂಕು ಒಟ್ಟು ಸೋಂಕಿನ ಶೇ. 10ಕ್ಕಿಂತ ಕಡಿಮೆ, ಒಳಾಂಗಣದಲ್ಲಿ ಹರಡುವ ಸಂಭವ ಬಯಲಿಗಿಂತ ಹದಿನೆಂಟು ಪಟ್ಟಿಗೂ ಅಧಿಕ ಎಂದಿತು. ಆ ಶೇ. 10ರೊಳಗೆ ಜನ ಒತ್ತಿ ನಿಂತ ಸಭೆಗಳೂ, ಹತ್ತಿರ ಕುಳಿತು ಹರಟಿದವರೂ ಸೇರಿದ್ದಾರೆ. ಯಾರ ಬಳಿಯೂ ನಿಲ್ಲದೆ, ಯಾರೊಂದಿಗೂ ಮಾತನಾಡದೆ, ಕ್ಷಣಾರ್ಧದಲ್ಲಿ ದಾಟಿ ಹೋಗುವ ಒಂಟಿ ಸೈಕಲ್ ಸವಾರನ ಪಾಲು ಅದರಲ್ಲಿ ಎಷ್ಟಿರಲು ಸಾಧ್ಯ?

ನಮ್ಮ ಜಿಲ್ಲೆಯ ಮೊದಲ ಪ್ರಕರಣವನ್ನೇ ನೆನಪಿಸಿಕೊಳ್ಳಿ. 2020ರ ಮಾರ್ಚ್ 19ರಂದು ವಿರಾಜಪೇಟೆ ತಾಲೂಕಿನಲ್ಲಿ ಅದು ದೃಢಪಟ್ಟಿತು. ಆಡಳಿತ ಆಗ ಯಾರನ್ನು ಹುಡುಕಿತು? ಮನೆಯವರನ್ನು ಹುಡುಕಿತು. ಬೆಂಗಳೂರಿನಿಂದ ಅದೇ ಬಸ್ಸಿನಲ್ಲಿ ಪ್ರಯಾಣಿಸಿದವರನ್ನು ಹುಡುಕಿತು. ರಸ್ತೆಯಲ್ಲಿ ಎದುರಿನಿಂದ ಸೈಕಲಿನಲ್ಲಿ ಹಾದು ಹೋದವರನ್ನು ಹುಡುಕಿದ್ದುಂಟೇ? ಇಲ್ಲ. ಅಂದರೆ ರೋಗ ಹರಡುವ ಜಾಗ ಯಾವುದೆಂಬುದು ಅಧಿಕಾರಿಗಳಿಗೆ ಮೊದಲ ದಿನದಿಂದಲೇ ತಿಳಿದಿತ್ತು. ಸೋಂಕಿತರ ಸಂಪರ್ಕ ಪತ್ತೆ ಮಾಡುವಾಗ ಇದ್ದ ಆ ವಿವೇಕ ದಂಡ ವಸೂಲಿ ಮಾಡುವಾಗ ಎಲ್ಲಿ ಮಾಯವಾಯಿತು?

ಮೇಲಿನವರಿಗೆ ತಿಳಿದಿರಲಿಲ್ಲ ಎನ್ನುವಂತೆಯೂ ಇಲ್ಲ. ವ್ಯಾಯಾಮ ಮಾಡುವಾಗ ಮಾಸ್ಕ್ ಧರಿಸಬೇಡಿ, ಬೆವರಿನಿಂದ ಒದ್ದೆಯಾದರೆ ಉಸಿರಾಟಕ್ಕೆ ಕಷ್ಟವಾಗುತ್ತದೆ, ಬದಲಿಗೆ ಅಂತರ ಕಾಯ್ದುಕೊಳ್ಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿಯೇ ತಿಳಿಸಿತ್ತು. ಭಾರತ ಸರಕಾರದ ಆರೋಗ್ಯ ಕಾರ್ಯದರ್ಶಿ ರಾಜೇಶ್ ಭೂಷಣ್ 2020ರ ಸೆಪ್ಟೆಂಬರ್ 3ರಂದು ಪತ್ರಕರ್ತರಿಗೆ ಉತ್ತರಿಸುತ್ತಾ, ಕಾರಿನಲ್ಲಿ ಅಥವಾ ಸೈಕಲಿನಲ್ಲಿ ಒಬ್ಬರೇ ಹೋಗುವವರು ಮಾಸ್ಕ್ ಧರಿಸಬೇಕೆಂಬ ಯಾವ ಸೂಚನೆಯನ್ನೂ ತಮ್ಮ ಸಚಿವಾಲಯ ನೀಡಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಮೂರು ನಾಲ್ಕು ಮಂದಿ ಗುಂಪಾಗಿ ವ್ಯಾಯಾಮ ಮಾಡುವುದಾದರೆ ಮಾತ್ರ ಮಾಸ್ಕ್ ಮತ್ತು ಅಂತರ ಬೇಕೆಂದರು. ನಮ್ಮ ಅಜ್ಜನಿಗೆ ದಂಡ ಬಿದ್ದದ್ದು ಈ ಹೇಳಿಕೆಯ ಸುಮಾರು ಎರಡು ತಿಂಗಳ ನಂತರ!

ರಾಜ್ಯ ಸರಕಾರ ಆ ದಿನಗಳಲ್ಲಿ ಮಾಡುತ್ತಿದ್ದುದೇನು? ದಂಡದ ಮೊತ್ತದ ಹಗ್ಗಜಗ್ಗಾಟ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಮಾಸ್ಕ್ ಧರಿಸದವರಿಗೆ ನಗರ ಪ್ರದೇಶಗಳಲ್ಲಿ 1,000 ರೂಪಾಯಿ, ಗ್ರಾಮಾಂತರದಲ್ಲಿ 500 ರೂಪಾಯಿ ದಂಡವೆಂದು ಘೋಷಿಸಲಾಯಿತು. ತೋಟದ ಕಾರ್ಮಿಕನ ಒಂದು ದಿನದ ಕೂಲಿಗಿಂತ ಹೆಚ್ಚಿನ ಮೊತ್ತವದು. ಜನ ರೊಚ್ಚಿಗೆದ್ದರು. ಒಂದೇ ವಾರದಲ್ಲಿ, ಅಕ್ಟೋಬರ್ 7ರಂದು, ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ 250, ಉಳಿದೆಡೆ 100 ಎಂದು ಇಳಿಸಲಾಯಿತು. ಎಷ್ಟು ದಂಡ ಎಂಬ ಬಗ್ಗೆ ಇಷ್ಟೊಂದು ಚರ್ಚೆ ನಡೆಯಿತು. ಯಾರಿಗೆ, ಎಲ್ಲಿ, ಏಕೆ ಎಂಬ ಚರ್ಚೆ ಏಕೆ ನಡೆಯಲಿಲ್ಲ?

ನಡೆದ ಕಡೆಯಲ್ಲಿಯೂ ಅದು ಯಾರ ಪರವಾಗಿ ಮುಗಿಯಿತು ನೋಡಿ. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2020ರ ನವೆಂಬರ್‌ನಲ್ಲಿ ಒಂದು ವಿನಾಯಿತಿ ನೀಡಿತು. ಕಾರಿನಲ್ಲಿ ಒಬ್ಬರೇ ಇದ್ದು ಗಾಜು ಏರಿಸಿದ್ದರೆ ಮಾಸ್ಕ್ ಬೇಕಾಗಿಲ್ಲ. ಸರಿಯಾದ ನಿರ್ಧಾರವೇ, ತಕರಾರಿಲ್ಲ. ಆದರೆ ದ್ವಿಚಕ್ರ ವಾಹನದವರು ಒಬ್ಬರೇ ಇದ್ದರೂ ಮಾಸ್ಕ್ ಕಡ್ಡಾಯ ಎಂಬುದು ಅದೇ ನಿರ್ಧಾರದ ಇನ್ನೊಂದು ಭಾಗವಾಗಿತ್ತು. ಮುಚ್ಚಿದ ಗಾಜಿನೊಳಗೆ ಒಂಟಿಯಾಗಿರುವವನಿಂದ ಅಪಾಯವಿಲ್ಲ. ತೆರೆದ ಆಕಾಶದ ಕೆಳಗೆ ಒಂಟಿಯಾಗಿರುವವನಿಂದ ಅಪಾಯವಿದೆ! ಇದು ಯಾವ ವಿಜ್ಞಾನ? ಕಾರಿನವನಿಗೆ ಗಾಜು ಇದೆ ಎಂಬುದಷ್ಟೇ ವ್ಯತ್ಯಾಸವಾದರೆ, ಸೈಕಲಿನವನಿಗೆ ಬೀಸುವ ಗಾಳಿ ಇದೆ. ಈ ವ್ಯತ್ಯಾಸ ರೋಗದ್ದಲ್ಲ, ವಾಹನದ ಬೆಲೆಯದ್ದು ಎಂದು ಜನಸಾಮಾನ್ಯ ಭಾವಿಸಿದರೆ ಅವನನ್ನು ದೂರುವಂತಿಲ್ಲ.

ದೆಹಲಿಯಲ್ಲಿ ಇದರ ಉಲ್ಟಾ ನಡೆಯಿತು. ಕಾರಿನಲ್ಲಿ ಒಬ್ಬರೇ ಇದ್ದರೂ ಮಾಸ್ಕ್ ಕಡ್ಡಾಯವೆಂದು ಅಲ್ಲಿನ ಹೈಕೋರ್ಟಿನ ಏಕಸದಸ್ಯ ಪೀಠ 2021ರ ಏಪ್ರಿಲ್ 7ರಂದು ತೀರ್ಪಿತ್ತಿತು. ಹತ್ತು ತಿಂಗಳ ನಂತರ, 2022ರ ಫೆಬ್ರವರಿಯಲ್ಲಿ, ಅದೇ ಹೈಕೋರ್ಟಿನ ವಿಭಾಗೀಯ ಪೀಠವು ಈ ನಿಯಮ ಅಸಂಬದ್ಧವಲ್ಲವೇ, ಇದಿನ್ನೂ ಏಕೆ ಜಾರಿಯಲ್ಲಿದೆ ಎಂದು ದೆಹಲಿ ಸರಕಾರವನ್ನು ಪ್ರಶ್ನಿಸಿತು. ನಿಯಮ ರದ್ದಾಯಿತು. ಕಾರಿನವರಿಗೆ ಹೈಕೋರ್ಟಿನ ಮೆಟ್ಟಿಲೇರುವ ಶಕ್ತಿ ಇತ್ತು, ಏರಿದರು. ನೂರು ರೂಪಾಯಿಯ ರಶೀದಿ ಹಿಡಿದುಕೊಂಡು ಬಾಳೆಗೊನೆಯ ಅಜ್ಜ ಯಾವ ನ್ಯಾಯಾಲಯದ ಮೆಟ್ಟಿಲೇರಬೇಕು?

ಕಾರಣ ಇರುವಲ್ಲಿ ವಿಧಿ, ಕಾರಣ ಇಲ್ಲದಲ್ಲಿ ವಿಧಿಯಿಲ್ಲ ಎಂಬುದು ಕಾನೂನಿನ ಹಳೆಯ ತತ್ವ. ಫಿಕ್‌ಹ್ ಓದಿದವರಿಗೆ ಇದು ಮದ್ರಸದ ಪಾಠವೇ. ಮಾಸ್ಕಿನ ವಿಧಿಗೆ ಕಾರಣ ಸಾಮೀಪ್ಯ. ಒಬ್ಬನ ಉಸಿರು ಇನ್ನೊಬ್ಬನನ್ನು ತಲುಪುವ ಸಾಧ್ಯತೆ. ಆ ಸಾಧ್ಯತೆಯೇ ಇಲ್ಲದ ಕಡೆಯಲ್ಲಿ ವಿಧಿಯನ್ನು ಹೇರಿದರೆ ಅದು ಆಚರಣೆಯಾಗುತ್ತದೆಯೇ ಹೊರತು ಆರೋಗ್ಯವಾಗುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಎಲ್ಲರಿಗೂ ಎಲ್ಲೆಡೆಯೂ ಒಂದೇ ನಿಯಮವಿದ್ದರೆ ಜಾರಿಗೊಳಿಸುವುದು ಸುಲಭ. ಅಲ್ಲಿ ಹಾಕು, ಇಲ್ಲಿ ತೆಗೆ ಎಂದರೆ ಜನ ಗೊಂದಲಕ್ಕೊಳಗಾಗುತ್ತಾರೆ ಎಂಬ ವಾದ. ಸುಲಭ ಯಾರಿಗೆ? ಜಾರಿಗೊಳಿಸುವವರಿಗೆ. ರಸ್ತೆಯಲ್ಲಿ ಬರುವವನನ್ನು ಹಿಡಿಯುವುದು ಸುಲಭ, ಅದರಲ್ಲಿಯೂ ಏರು ರಸ್ತೆಯಲ್ಲಿ ಸೈಕಲ್ ತುಳಿಯುವವನು ತಪ್ಪಿಸಿಕೊಂಡು ಓಡಲಾರ. ಬಸ್ಸಿನೊಳಗೆ ಹತ್ತಿ ಕಿಟಕಿ ತೆರೆಸುವುದು, ಜವಳಿ ಅಂಗಡಿಯ ಮಾಲೀಕನನ್ನು ಪ್ರಶ್ನಿಸುವುದು, ಮದುವೆ ಹಾಲ್‌ನೊಳಗೆ ಹೋಗಿ ಪ್ರತಿಷ್ಠಿತರ ಮುಂದೆ ನಿಂತು ‘ಮಾಸ್ಕ್ ಹಾಕಿ’ ಎನ್ನುವುದು ಕಷ್ಟ. ಆದ್ದರಿಂದ ಸುಲಭದ್ದನ್ನು ಮಾಡಲಾಯಿತು, ಬೇಕಾದ್ದನ್ನು ಬಿಡಲಾಯಿತು. ಇನ್ನು ಜನರ ಗೊಂದಲದ ಮಾತು. ಮಳೆ ಬಂದಾಗ ಕೊಡೆ ಬಿಡಿಸಿ, ಮನೆಯೊಳಗೆ ಬಂದಾಗ ಮಡಚುವುದನ್ನು ಕೊಡಗಿನ ಪುಟ್ಟ ಮಗುವಿಗೂ ಯಾರೂ ಕಲಿಸಬೇಕಾಗಿಲ್ಲ. ಕಾರಣ ತಿಳಿಸಿ ಹೇಳಿದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. ಕಾರಣ ತಿಳಿಸದೆ ಹೆದರಿಸಿದರೆ ಜೀಪು ಕಂಡಾಗ ಹಾಕುತ್ತಾರೆ, ಜೀಪು ಮರೆಯಾದಾಗ ತೆಗೆಯುತ್ತಾರೆ. ಅಂದು ನಡೆದದ್ದು ಇದೇ ಅಲ್ಲವೇ?

ಎರಡನೆಯದು, ಸೈಕಲ್ ಸವಾರ ಜೋರಾಗಿ ಉಸಿರಾಡುತ್ತಾನೆ, ಅವನ ಉಸಿರಿನ ಹನಿಗಳು ಹಿಂದೆ ಬಹುದೂರ ಹರಡುತ್ತವೆ ಎಂಬ ವಾದ. ಇದನ್ನು ತಳ್ಳಿ ಹಾಕುವಂತಿಲ್ಲ. ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್‌ನ ಇಂಜಿನಿಯರುಗಳು 2020ರ ಏಪ್ರಿಲ್‌ನಲ್ಲಿ ಕಂಪ್ಯೂಟರ್ ಲೆಕ್ಕಾಚಾರವೊಂದನ್ನು ಪ್ರಕಟಿಸಿ, ವೇಗವಾಗಿ ಹೋಗುವ ಸೈಕಲಿನ ಬೆನ್ನ ಹಿಂದೆಯೇ ಇನ್ನೊಬ್ಬ ಹೋಗುವುದಾದರೆ ಇಪ್ಪತ್ತು ಮೀಟರ್ ಅಂತರವಿರಲಿ ಎಂದು ಸಲಹೆ ನೀಡಿದ್ದರು. ಅವರು ಅಳೆದದ್ದು ಹನಿಗಳು ಚಲಿಸುವ ಬಗೆಯನ್ನು; ಯಾರಿಗೆ ಸೋಂಕು ತಗುಲುತ್ತದೆ ಎಂಬುದನ್ನಲ್ಲ. ಆದರೂ ಆ ಎಚ್ಚರಿಕೆ ಸ್ವೀಕಾರಾರ್ಹ. ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಗುಂಪಾಗಿ ಹೋಗುವ ಸೈಕಲ್ ತಂಡಗಳಿಗೆ ಅದು ಅನ್ವಯಿಸುತ್ತದೆ. ಕ್ಯಾರಿಯರಿನ ಮೇಲೆ ಗೆಳೆಯನನ್ನು ಕೂರಿಸಿಕೊಂಡು ಡಬಲ್ಸ್ ಹೋಗುವ ಹುಡುಗರಿಗೆ ಅನ್ವಯಿಸುತ್ತದೆ. ಅಂಥವರು ಅಂತರ ಬಿಡಲಿ, ಇಲ್ಲವೇ ಮಾಸ್ಕ್ ಧರಿಸಲಿ. ಒಂಟಿ ಸವಾರನಿಗೆ ಹಿಂದೆ ಯಾರಿದ್ದಾರೆ?

ಮೂರನೆಯದು, ಹಾಕಿಕೊಂಡರೆ ನಷ್ಟವೇನು ಎಂಬ ವಾದ. ಮೇಲ್ನೋಟಕ್ಕೆ ಬಹಳ ಮುಗ್ಧ ವಾದ. ನಷ್ಟವಿದೆ. ಕೊಡಗಿನ ಮಳೆಗಾಲವನ್ನು ಬಲ್ಲವರು ಹೇಳಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೈಕಲ್ ತುಳಿಯುವವನ ಮುಖದ ಮೇಲಿನ ಬಟ್ಟೆ ಹತ್ತು ನಿಮಿಷದಲ್ಲಿ ನೀರು ಕುಡಿದು ಮೂಗಿಗೆ ಅಂಟಿಕೊಳ್ಳುತ್ತದೆ. ಒದ್ದೆಯಾದ ಮಾಸ್ಕನ್ನು ಬದಲಿಸಬೇಕೆಂಬುದು ಆರೋಗ್ಯ ತಜ್ಞರದೇ ಸೂಚನೆ. ಬಡವನ ಬಳಿ ದಿನಕ್ಕೆ ಎಷ್ಟು ಮಾಸ್ಕ್ ಇರುತ್ತದೆ? ದಾರಿಯಲ್ಲಿ ಒದ್ದೆಯಾದ ಅದೇ ಬಟ್ಟೆಯಲ್ಲಿ ಅವನು ಪಡಿತರದ ಅಂಗಡಿಯೊಳಗೆ, ಬ್ಯಾಂಕಿನೊಳಗೆ ನಿಲ್ಲುತ್ತಾನೆ. ಅಂದರೆ ಬೇಡವಾದಲ್ಲಿ ಹಾಕಿಸಿ ಬೇಕಾದಲ್ಲಿ ಕೆಡಿಸಿದಂತಾಯಿತು. ಜೇಬಿನಲ್ಲಿ ಒಣಗಿಕೊಂಡು ಇದ್ದಿದ್ದರೆ ಅಂಗಡಿಯ ಬಾಗಿಲಲ್ಲಿ ಅದು ಉಪಯೋಗಕ್ಕೆ ಬರುತ್ತಿತ್ತು. ಕನ್ನಡಕ ಹಾಕಿದವನಿಗೆ ಆವಿ ಕಟ್ಟಿ ಕಣ್ಣು ಮಂಜಾಗುತ್ತದೆ. ನಮ್ಮ ತಿರುವುಗಳಲ್ಲಿ ಮಂಜಾದ ಕಣ್ಣಿನಿಂದ ಇಳಿಯುವುದು ಆರೋಗ್ಯ ರಕ್ಷಣೆಯೇ?

ಇವೆಲ್ಲಕ್ಕಿಂತ ದೊಡ್ಡ ನಷ್ಟ ವಿಶ್ವಾಸದ್ದು. ಅರ್ಥವಿಲ್ಲದ ಒಂದು ನಿಯಮವನ್ನು ಬಲವಂತವಾಗಿ ಪಾಲಿಸಿದವನು ಅರ್ಥವಿರುವ ಹತ್ತು ನಿಯಮಗಳನ್ನೂ ಅನುಮಾನಿಸುತ್ತಾನೆ. 1918ರ ಇನ್‌ಫ್ಲುಯೆಂಜಾ ಸಾಂಕ್ರಾಮಿಕದ ವೇಳೆ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರ ಮಾಸ್ಕ್ ಕಡ್ಡಾಯಗೊಳಿಸಿ ಧರಿಸದವರನ್ನು ಬಂಧಿಸಿ ದಂಡ ಹಾಕಿತು. ಮರುವರ್ಷ, 1919ರ ಜನವರಿಯಲ್ಲಿ, ಅಲ್ಲಿ ಮಾಸ್ಕ್ ವಿರೋಧಿ ಸಂಘವೇ ಹುಟ್ಟಿಕೊಂಡಿತು. ಜನರ ಮನವೊಲಿಸದ ನಿಯಮದ ಗತಿ ಇದು. ನಮ್ಮಲ್ಲಿ ಸಂಘ ಕಟ್ಟಲಿಲ್ಲ. ಬದಲಿಗೆ ಮಾಸ್ಕನ್ನು ಗಲ್ಲಕ್ಕೆ ಇಳಿಸಿದೆವು. ಮುಂದೆ ಲಸಿಕೆಯ ಮಾತು ಬಂದಾಗ ಹಲವರು ‘ಇದೂ ಅದರಂತೆಯೇ’ ಎಂದರು. ಆ ಅನುಮಾನದ ಬೀಜದಲ್ಲಿ ರಸ್ತೆಯ ರಶೀದಿಯ ಪಾಲೂ ಇತ್ತು.

ನಾಲ್ಕನೆಯ ಆಕ್ಷೇಪವನ್ನು ಹೊರಗಿನವರು ಹೇಳುವುದಿಲ್ಲ. ಅದು ನಮ್ಮ ಮನೆಗಳೊಳಗಿನದು. ‘ಬೇರೆಯವರು ಹಾಕದಿದ್ದರೂ ನಡೆಯುತ್ತದೆ, ನಾವು ಹಾಕಲೇಬೇಕು. ಇಲ್ಲವಾದರೆ ನಮ್ಮನ್ನೇ ಬೆರಳು ಮಾಡಿ ತೋರಿಸುತ್ತಾರೆ’ ಎಂದು 2020ರಲ್ಲಿ ನಮ್ಮ ತಾಯಂದಿರು ಮಕ್ಕಳಿಗೆ ಹೇಳಿ ಕಳಿಸುತ್ತಿದ್ದರು. ಆ ಭಯಕ್ಕೆ ಕಾರಣವಿತ್ತು. ದೆಹಲಿಯ ನಿಝಾಮುದ್ದೀನ್ ಸಮ್ಮೇಳನದ ಬಳಿಕ ಟಿ.ವಿ. ಚಾನೆಲ್‌ಗಳು ಒಂದು ವೈರಸ್ಸಿಗೆ ಧರ್ಮದ ಹೆಸರಿಟ್ಟವು. ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2020ರ ಆಗಸ್ಟ್ 21ರಂದು ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸುತ್ತಾ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಗಿದೆ ಎಂದಿತು. ಆದರೆ ಆ ಐದು ತಿಂಗಳಲ್ಲಿ ಆಗಬೇಕಾದ ಗಾಯ ಆಗಿ ಹೋಗಿತ್ತು. ಟೋಪಿ ಧರಿಸಿ ಸೈಕಲಿನಲ್ಲಿ ಹೋಗುವ ಹುಡುಗ ಮಾಸ್ಕ್ ಏರಿಸಿಕೊಂಡದ್ದು ರೋಗಕ್ಕೆ ಹೆದರಿ ಅಲ್ಲ, ದಾರಿಹೋಕರ ನೋಟಕ್ಕೆ ಹೆದರಿ.

ಆ ತಾಯಂದಿರ ಆತಂಕವನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಆದರೆ ಒಪ್ಪಲಾರೆ. ಭಯದ ಉಡುಪು ಆರೋಗ್ಯದ ಉಡುಪಲ್ಲ. ಇತರರಿಗೆ ತೋರಿಸಲು ಧರಿಸಿದ ಮಾಸ್ಕ್, ತೋರಿಸಬೇಕಾದವರು ಇಲ್ಲದ ಕಡೆಯಲ್ಲಿ ಕಳಚಿ ಬೀಳುತ್ತದೆ. ಬಿದ್ದದ್ದೆಲ್ಲಿ? ನಮ್ಮ ನಮ್ಮ ಮನೆಯೊಳಗೆ, ನಮ್ಮ ಮದುವೆ ಹಾಲ್‌ಗಳೊಳಗೆ.

ಇಲ್ಲಿ ಸ್ವಲ್ಪ ಆತ್ಮವಿಮರ್ಶೆ ಮಾಡಿಕೊಳ್ಳೋಣ. ರಸ್ತೆಯಲ್ಲಿ ಶಿಸ್ತಿನಿಂದ ಮಾಸ್ಕ್ ಧರಿಸಿ ಬಂದ ನಾವು ನಿಕಾಹ್‌ನ ಹಾಲ್‌ನೊಳಗೆ ಕಾಲಿಟ್ಟ ಕೂಡಲೇ ಅದನ್ನು ಕಿಸೆಗೆ ಹಾಕಲಿಲ್ಲವೇ? ಐವತ್ತು ಮಂದಿಗೆ ಅನುಮತಿ ಪಡೆದು ಇನ್ನೂರು ಮಂದಿಯನ್ನು ಕರೆದವರು ನಮ್ಮಲ್ಲಿ ಇರಲಿಲ್ಲವೇ? ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದೇ ತಟ್ಟೆಯ ಸುತ್ತ ಕುಳಿತು ಬಿರಿಯಾನಿ ತಿಂದೆವು, ಫೋಟೋಕ್ಕಾಗಿ ಒತ್ತೊತ್ತಾಗಿ ನಿಂತೆವು, ಜ್ವರವಿದ್ದ ಅಜ್ಜಿಯನ್ನು ನೋಡಲು ಹತ್ತು ಮಂದಿ ಒಟ್ಟಿಗೆ ಹೋದೆವು. ಜ್ವರ ಬಂದವನು ಅದನ್ನು ಮುಚ್ಚಿಟ್ಟು ಜಮಾಅತ್‌ಗೆ ಬಂದು ಪಕ್ಕದಲ್ಲಿ ನಿಂತ. ಇದು ನಮ್ಮ ಸಮುದಾಯದ್ದು ಮಾತ್ರ ರೋಗವೆಂದು ನಾನು ಹೇಳುವುದಿಲ್ಲ. ಗೃಹಪ್ರವೇಶಗಳಲ್ಲಿ, ಚುನಾವಣಾ ಸಭೆಗಳಲ್ಲಿ ನಡೆದದ್ದೂ ಇದೇ. 2021ರ ಎರಡನೆಯ ಅಲೆಯ ಲಾಕ್‌ಡೌನಿನಲ್ಲಿ ವಾರದ ಕೆಲವೇ ದಿನ, ಕೆಲವೇ ಗಂಟೆ ಅಂಗಡಿ ತೆರೆಸಿ ಇಡೀ ಊರನ್ನು ಒಂದೇ ಹೊತ್ತಿಗೆ ಪೇಟೆಗೆ ನುಗ್ಗಿಸಿದ್ದೂ ಇದೇ ಅವಿವೇಕದ ಇನ್ನೊಂದು ಮುಖ. ಆದರೆ ಬೇರೆಯವರ ತಪ್ಪು ನಮ್ಮ ತಪ್ಪಿಗೆ ಸಮರ್ಥನೆಯಾಗದು. ಕೇರಳದಿಂದ ರೋಗ ಬರುತ್ತದೆಂದು ಮಾಕುಟ್ಟದ ರಸ್ತೆಗೆ ಮಣ್ಣು ಸುರಿದದ್ದನ್ನು ನಾವು ಟೀಕಿಸಿದೆವು. ಟೀಕಿಸಬೇಕಾದದ್ದೇ. ಆದರೆ ನಮ್ಮ ಸಭಾಂಗಣದ ಒಂದು ಕಿಟಕಿಯನ್ನು ತೆರೆದಿಡಲು ನಮಗೆ ತೋಚಲಿಲ್ಲವಲ್ಲ!

ಹಾಗಾದರೆ ಮುಂದೇನು? ನನ್ನ ನಿಲುವು ಇಷ್ಟೇ. ಉಸಿರಿನ ಮೂಲಕ ಹರಡುವ ರೋಗ ಪುನಃ ಬಂದರೆ, ಬಯಲಿನಲ್ಲಿ ಒಬ್ಬನೇ ಸೈಕಲಿನಲ್ಲಿ ಹೋಗುವವನಿಗೆ ಮಾಸ್ಕ್ ಕಡ್ಡಾಯವಾಗಬಾರದು. ಅವನ ಜೇಬಿನಲ್ಲಿ ಒಣಗಿದ, ಸ್ವಚ್ಛವಾದ ಒಂದು ಮಾಸ್ಕ್ ಇರಲಿ. ಗಡಿಯಾರ ಕಂಬದ ಬಳಿ ಜನ ಸೇರಿದ್ದರೆ, ಸಂತೆಯ ದಿನ ಪೇಟೆಯೊಳಗೆ ಸೈಕಲ್ ತಳ್ಳಿಕೊಂಡು ಹೋಗಬೇಕಾದರೆ, ಅಂಗಡಿ, ಬ್ಯಾಂಕ್, ಆಸ್ಪತ್ರೆ, ಬಸ್ಸು, ಮಸೀದಿಯ ಬಾಗಿಲು ಬಂದರೆ ಅವನು ಅದನ್ನು ಮೂಗು ಬಾಯಿ ಎರಡೂ ಮುಚ್ಚುವಂತೆ ಧರಿಸಲಿ. ಕೆಮ್ಮು, ಜ್ವರ ಇದ್ದವನು ಸೈಕಲನ್ನೇ ಹೊರತೆಗೆಯದೆ ಮನೆಯಲ್ಲಿರಲಿ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ತಪ್ಪದೆ ಧರಿಸಲಿ. ನಿಪಾದಂತಹ ರೋಗದಲ್ಲಿಯೂ ಮನುಷ್ಯನಿಂದ ಮನುಷ್ಯನಿಗೆ ಹರಡುವುದು ಮುಖ್ಯವಾಗಿ ರೋಗಿಯ ನಿಕಟ ಸಂಪರ್ಕದಿಂದ, ಆಸ್ಪತ್ರೆಯ ಕೋಣೆಗಳಲ್ಲಿ. ನಿರ್ಜನ ರಸ್ತೆಯಲ್ಲಿ ಅಲ್ಲ ಎಂಬುದು ನೆನಪಿರಲಿ.

ಆಡಳಿತದಿಂದ ನಾವು ಕೇಳಬೇಕಾದದ್ದೂ ಇದೆ. ದಂಡದ ರಶೀದಿ ಪುಸ್ತಕ ಅಚ್ಚು ಹಾಕಿಸುವ ಮೊದಲು ಮಾಸ್ಕ್ ಹಂಚಲಿ. ರಸ್ತೆಯ ತಿರುವಿನಲ್ಲಿ ನಿಲ್ಲುವ ಸಿಬ್ಬಂದಿಯನ್ನು ಬಸ್ ನಿಲ್ದಾಣದಲ್ಲಿ, ಸಭಾಂಗಣದ ಬಾಗಿಲಿನಲ್ಲಿ ನಿಲ್ಲಿಸಲಿ. ನಿಯಮದ ಜೊತೆಗೆ ಅದರ ಕಾರಣವನ್ನೂ ಎರಡು ಸಾಲಿನಲ್ಲಿ ಬರೆದು ಊರಿಗೆ ತಿಳಿಸಲಿ. ಗಾಜು ಏರಿಸಿದ ಕಾರಿಗೆ ಕೊಡುವ ವಿನಾಯಿತಿಯನ್ನು ಸೈಕಲಿಗೂ ಕೊಡಲಿ. ನಮ್ಮ ಜಮಾಅತ್‌ಗಳು, ಸಂಘಟನೆಗಳು ಅದಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಸಭಾಂಗಣಗಳ ಕಿಟಕಿಗಳು ತೆರೆಯುತ್ತವೆಯೇ, ತುಕ್ಕು ಹಿಡಿದಿವೆಯೇ ಎಂದು ನಾಳೆಯೇ ಪರೀಕ್ಷಿಸಬಹುದು. ಅದಕ್ಕೆ ಸರಕಾರದ ಆದೇಶ ಬೇಕಿಲ್ಲ.

ಸುಮಾರು ನೂರ ಹದಿನೈದು ವರ್ಷಗಳ ಹಿಂದೆ, 1910-11ರಲ್ಲಿ, ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಹಬ್ಬಿದಾಗ ಪೆನಾಂಗ್‌ನಲ್ಲಿ ಹುಟ್ಟಿದ ವೈದ್ಯ ವು ಲಿಯೆನ್-ತೆ ಹತ್ತಿಬಟ್ಟೆಯ ಪದರಗಳಿಂದ ಮಾಸ್ಕ್ ಮಾಡಿಸಿ ರೋಗಿಗಳ ಬಳಿ ಹೋಗುವವರಿಗೆ ಧರಿಸಲು ಹೇಳಿದರು. ಒಬ್ಬ ಹಿರಿಯ ಫ್ರೆಂಚ್ ವೈದ್ಯರು ಅದನ್ನು ಕಡೆಗಣಿಸಿ ಮಾಸ್ಕಿಲ್ಲದೆ ರೋಗಿಗಳನ್ನು ಪರೀಕ್ಷಿಸಿದರು, ಕೆಲವೇ ದಿನಗಳಲ್ಲಿ ಅದೇ ಪ್ಲೇಗಿಗೆ ಬಲಿಯಾದರು. ಮಾಸ್ಕಿನ ಮಹತ್ವವನ್ನು ಜಗತ್ತು ಕಲಿತದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಆ ಮಹತ್ವವನ್ನು ನಾವು ಕಳೆದುಕೊಂಡದ್ದು ರಸ್ತೆಯ ತಿರುವಿನಲ್ಲಿ.

ಬಾಳೆಗೊನೆಯ ಅಜ್ಜ ಹೇಳಿದ್ದು ಒಂದೇ ಮಾತು: ಅಂಗಡಿ ಬಂದ ಕೂಡಲೇ ಹಾಕುತ್ತೇನೆ. ಅಷ್ಟು ದೊಡ್ಡ ದೊಡ್ಡ ಆದೇಶಗಳಲ್ಲಿ, ಅಷ್ಟೊಂದು ಪತ್ರಿಕಾಗೋಷ್ಠಿಗಳಲ್ಲಿ ಇಲ್ಲದ ವಿವೇಕ ಆ ಮಾತಿನಲ್ಲಿತ್ತು. ಅದನ್ನು ಕೇಳಿಸಿಕೊಳ್ಳುವ ಬದಲು ನಾವು ನಕ್ಕೆವು. ಮುಂದಿನ ಸಲವಾದರೂ ಅವರನ್ನು ಅವರ ಪಾಡಿಗೆ ಏರು ಹತ್ತಲು ಬಿಡೋಣ. ನಾವು ನಮ್ಮ ಬಾಗಿಲುಗಳ ಒಳಗೆ ಏನು ನಡೆಯುತ್ತಿದೆ ಎಂದು ನೋಡಿಕೊಳ್ಳೋಣ.